ಸಾವಿರದ ಆರು ಮೀಟರ್

"ಈ ಸಲ ನಿನ್ನ ಮಾತು ಕೇಳಲ್ಲ ಅಮ್ಮ. ತಿಂಡಿ ಮುಗಿಸಿ ಬ್ಯಾಗ್ ಕಟ್ಟು. ಕತ್ತಲಾಗೋದ್ರೊಳಗೆ ಇಳಿದುಬಿಡೋಣ," ಎಂದಳು ಇಂಗ್ವಿಲ್, ಹಿಮ ಮೆತ್ತಿದ ಬೂಟನ್ನೂ ಬಿಚ್ಚದೆ ಬಾಗಿಲಲ್ಲೇ ನಿಂತು.

ತೂರಿಡ್ ವಾಫಲ್ ಕಾವಲಿಯನ್ನು ಸೌದೆ ಒಲೆಯ ಮೇಲೆ ಮಗುಚಿ ಹಾಕಿದಳು. ಬೇಡದ ಮಾತು ಕಿವಿಗೆ ಬಿದ್ದರೆ ಅವಳ ಕೈಗೆ ಯಾವುದಾದರೂ ಕೆಲಸ ಸಿಕ್ಕಿಬಿಡುತ್ತಿತ್ತು. ಗಂಡ ಹಾಲ್ವರ್ ಬದುಕಿದ್ದಷ್ಟು ಕಾಲ ಇದನ್ನು ಅನುಭವಿಸಿದ್ದ; ಈಗ ಮಗಳ ಸರದಿ.

"ಬೂಟು ಬಿಚ್ಚು. ನೆಲ ಒದ್ದೆಯಾಗುತ್ತೆ."

"ಡಾಕ್ಟರ್ ಏನಂದ್ರು? ನಿನ್ನ ಹೃದಯಕ್ಕೆ ಸಾವಿರ ಮೀಟರಿಗಿಂತ ಮೇಲೆ ಬೇಡ ಅಂದ್ರೋ ಇಲ್ವೋ? ಬಾಗಿಲ ಮೇಲೆ ಎಷ್ಟು ಅಂತ ಬರೆದಿದೆ, ನೀನೇ ಹೋಗಿ ನೋಡು."

ತೂರಿಡ್ ಹೋಗಿ ನೋಡಬೇಕಾಗಿರಲಿಲ್ಲ. ಹಾಲ್ವರ್ ಕಬ್ಬಿಣದ ಸಲಾಕೆ ಕಾಯಿಸಿ ಪೈನ್ ಹಲಗೆಯ ಮೇಲೆ ಸುಟ್ಟು ಬರೆದದ್ದು: ಸಮುದ್ರ ಮಟ್ಟದಿಂದ 1006 ಮೀಟರ್. ಕೊನೆಯ ಆರರ ಹೊಟ್ಟೆ ಸೊಟ್ಟ. ಈ ಬೆಟ್ಟಗಳಲ್ಲಿ ಅಂಥ ಹಲಗೆಯಿಲ್ಲದ ರಜೆ ಮನೆಯೇ ಇಲ್ಲ. ಹೊಸದಾಗಿ ಪರಿಚಯವಾದವರು ಹೆಸರು ಕೇಳುವ ಮೊದಲು ನಿಮ್ಮ ಮನೆ ಎಷ್ಟು ಎತ್ತರದಲ್ಲಿದೆ ಎಂದು ಕೇಳುತ್ತಾರೆ, ಕೇಳಿ ಮನಸ್ಸಿನಲ್ಲೇ ತಮ್ಮದರ ಜೊತೆ ತೂಗಿ ನೋಡುತ್ತಾರೆ. ಹಾಲ್ವರ್ ಓಸ್ಲೋದಲ್ಲಿ ಟ್ರಾಮ್ ಓಡಿಸುತ್ತಿದ್ದವನು. ಊರಲ್ಲಿ ಎಲ್ಲರೂ ಅವನಿಗಿಂತ ಮೇಲಿನವರೇ. ಈಸ್ಟರ್ ಬಂತೆಂದರೆ ಅದೇ ಹಲಗೆಯ ಕೆಳಗೆ ನಿಂತು ಕಿತ್ತಳೆ ಸುಲಿಯುತ್ತಾ, ಸ್ಕೀ ಮೇಲೆ ಹೋಗುವವರನ್ನೆಲ್ಲ ಕೂಗುತ್ತಿದ್ದ: "ಸಾವಿರ ದಾಟಿದ್ದೀರಿ ಸ್ವಾಮಿ, ನಿಧಾನಕ್ಕೆ ಉಸಿರಾಡಿ!" ಅವನು ಸತ್ತು ಎರಡು ವರ್ಷ. ತೂರಿಡ್ ಮಾತ್ರ ಈಗಲೂ ಈಸ್ಟರಿಗೆ ಹತ್ತಿದರೆ ಹಿಮ ಕರಗುವವರೆಗೆ ಇಳಿಯುವುದಿಲ್ಲ.

ಹಲಗೆ ಸುಳ್ಳು ಹೇಳುತ್ತಿದೆಯೆಂದು ಅವಳಿಗೆ ಗೊತ್ತಿತ್ತು.

ಮನೆಗೆ ಮಾಡು ಹೊದಿಸಿದ ಶರತ್ಕಾಲ. ಹಾಲ್ವರ್ ಗೆಳೆಯನೊಬ್ಬನಿಂದ ಎತ್ತರ ತೋರಿಸುವ ಮುಳ್ಳಿನ ಡಬ್ಬಿ ತಂದಿದ್ದ. ಬೆಳಿಗ್ಗೆ ಹೊಸ್ತಿಲ ಮೇಲಿಟ್ಟಾಗ ಅದು ಒಂಬೈನೂರ ಎಪ್ಪತ್ತು ಎಂದಿತು. ಹಾಲ್ವರನ ಮುಖ ಸಣ್ಣಗಾಯಿತು. ಅವರು ಬಾಗಿಲು ಕೂರಿಸುತ್ತಿರುವಾಗ ಪಶ್ಚಿಮದಿಂದ ಬಿರುಗಾಳಿಯ ಮೋಡ ಏಳತೊಡಗಿತು. ಬಿರುಗಾಳಿ ಬರುವಾಗ ಗಾಳಿಯ ಒತ್ತಡ ಇಳಿಯುತ್ತದೆ, ಆ ಡಬ್ಬಿ ತಾನೇ ಬೆಟ್ಟ ಹತ್ತಿದೆ ಎಂದುಕೊಂಡು ಮುಳ್ಳನ್ನು ಮೇಲೇರಿಸುತ್ತದೆ. ಇದು ಬೆಟ್ಟದ ಮೇಲೆ ಓಡಾಡುವ ಎಲ್ಲರಿಗೂ ಗೊತ್ತು, ಹಾಲ್ವರನಿಗೂ ಗೊತ್ತು. ಸಂಜೆ ಅದೇ ಹೊಸ್ತಿಲಲ್ಲಿ ಮುಳ್ಳು ಸಾವಿರದ ಆರಕ್ಕೆ ಬಂದು ನಿಂತಿತ್ತು. "ತೂರಿಡ್, ಬೆಟ್ಟ ಬೆಳೀತಿದೆ ಕಣೇ!" ಎಂದು ನಗುತ್ತಾ, ಬಿರುಗಾಳಿ ಹಾದುಹೋಗುವ ಮೊದಲೇ ಸಲಾಕೆ ಒಲೆಗಿಟ್ಟ. ಹಲಗೆ ಅಲುಗದಂತೆ ಹಿಡಿದುಕೊಂಡವಳು ಅವಳೇ.

ಈಗ ಆ ಒಂದು ಮಾತು ಹೇಳಿದರೆ ಸಾಕು, ಮಗಳ ವಾದ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಮೇಜಿನ ಹತ್ತಿರ ತೋರ್ಲೈವ್ ಕೂತಿದ್ದ.

ಎದುರು ದಿಬ್ಬದ ಮನೆಯ ತೋರ್ಲೈವ್ ನಿವೃತ್ತ ದಂತವೈದ್ಯ. ಸರ್ವೆಯವರನ್ನು ಕರೆಸಿ ಅಳೆಸಿದ ಅವನ ಹಲಗೆಯ ಮೇಲೆ 994 ಎಂದಿತ್ತು. ನಡುವಿನ ಹನ್ನೆರಡು ಮೀಟರ್ ಮೂವತ್ತು ವರ್ಷದಿಂದ ಅವನ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಪ್ರತಿ ಈಸ್ಟರಿಗೂ ವಾಫಲ್ ತಿನ್ನಲು ಬರುವನು, ತಿಂದ ಋಣಕ್ಕೆ ಒಂದು ಅನುಮಾನ ಬಿತ್ತಿ ಹೋಗುವನು. ಇವತ್ತೂ ಬಂದವನೇ ಶುರುಮಾಡಿದ್ದ: "ಏನ್ರೀ ತೂರಿಡ್, ಎತ್ತರ ಹೋದಷ್ಟೂ ಮರ ಇಲ್ಲವಾಗಬೇಕು; ಸಾವಿರದ ಆರರಲ್ಲಿ ಇಷ್ಟು ದಪ್ಪ ಬರ್ಚ್ ಮರ ಬೆಳೆಯುತ್ತೆ, ಒಂಬೈನೂರ ತೊಂಬತ್ನಾಲ್ಕರ ನನ್ನಲ್ಲಿ ಒಂದು ಕಡ್ಡಿನೂ ಇಲ್ಲವಲ್ಲ?"

"ನಿಮ್ಮ ಮುಖ ನೋಡಿ ಹುಟ್ಟೋಕೆ ಹೆದರಿರಬೇಕು," ಎಂದಿದ್ದಳು ತೂರಿಡ್.

ಅಂಥವನ ಎದುರು, ಹಾಲ್ವರ್ ಕೂರುತ್ತಿದ್ದ ಬೆಂಚಿನ ಪಕ್ಕದಲ್ಲೇ, ಆ ಸಂಖ್ಯೆಯನ್ನು ಬಾಯಿಬಿಟ್ಟು ಇಳಿಸುವುದೇ? ಅವಳಿಗೆ ಸಿಟ್ಟು ಉಕ್ಕಿತು.

"ಬರೆದಿರೋದೇ ನಿಜ. ಸಾವಿರದ ಆರು," ಎಂದಳು. "ಮತ್ತೆ ನಾನು ಇಳಿಯಲ್ಲ. ಡಾಕ್ಟರಿಗೆ ಬೇಕಿದ್ರೆ ಅವರೇ ಹತ್ತಿ ಬರಲಿ."

"ಅಮ್ಮ, ರಾತ್ರಿ ಏನಾದ್ರೂ ಆದ್ರೆ ಇಲ್ಲಿ ಯಾರಿದ್ದಾರೆ? ಅಪ್ಪನ್ನ ಕಳ್ಕೊಂಡಿದ್ದು ಸಾಲದಾ ನನಗೆ?" ಇಂಗ್ವಿಲ್ ಗೂಟದ ಮೇಲಿದ್ದ ಅಮ್ಮನ ಕೋಟನ್ನು ತೆಗೆದು ಎದೆಗೆ ಅವುಚಿಕೊಂಡಳು. "ಎಳ್ಕೊಂಡಾದ್ರೂ ಹೋಗ್ತೀನಿ."

ತೋರ್ಲೈವ್ ಕಂದು ಚೀಸಿನ ಚೂರೊಂದನ್ನು ತಟ್ಟೆಯಲ್ಲಿ ಅತ್ತಿತ್ತ ತಳ್ಳಿದ. ಆಮೇಲೆ ಯಾರ ಮುಖವನ್ನೂ ನೋಡದೆ ಹೇಳಿದ: "ಒಂಬೈನೂರ ಎಪ್ಪತ್ತು ಮಗೂ. ಈ ಮನೆ ಇರೋದು ಒಂಬೈನೂರ ಎಪ್ಪತ್ತರಲ್ಲಿ. ಮಗ ಕೊಟ್ಟ ಈ ಕೈಗಡಿಯಾರ ಉಪಗ್ರಹದಿಂದ ಅಳೆಯುತ್ತೆ. ಹೋದ ವರ್ಷ ಇದೇ ಬಾಗಿಲಲ್ಲಿ ನಿಂತು ನೋಡಿದ್ದೆ."

ಇಂಗ್ವಿಲ್ ಅವನತ್ತ ತಿರುಗಿದಳು.

"ಹೋದ ವರ್ಷವೇ ಗೊತ್ತಿತ್ತಾ ಮಾಮ? ಮತ್ತೆ ಯಾಕೆ ಸುಮ್ನಿದ್ರಿ?"

"ಹಾಲ್ವರ್ ಇರಲಿಲ್ವಲ್ಲ," ಎಂದ ಅವನು. "ಗೆದ್ದು ಯಾರ ಮುಂದೆ ಕುಣೀಲಿ?"

ಇಂಗ್ವಿಲ್ ಕೋಟು ಹಿಡಿದೇ ಕುರ್ಚಿಯ ಮೇಲೆ ಕುಸಿದಳು. ಅಳುವೂ ನಗುವೂ ಒಟ್ಟಿಗೇ ಬಂದವು. "ಒಂಬೈನೂರ ಎಪ್ಪತ್ತಾ! ನಾನು ಶಾಲೆ ತುಂಬ ಸಾವಿರದ ಆರು ಅಂತ ಹೇಳ್ಕೊಂಡು ತಿರುಗಿದ್ನಲ್ಲ! ಸರಿ, ಹಾಗಾದ್ರೆ ಇರು ಅಮ್ಮ. ನಾಳೆ ಆ ಹಲಗೆ ಕಿತ್ತು ಸರಿಯಾದ್ದು ಹಾಕಿಸೋಣ, ಮುಗೀತು."

ಇರು ಎಂದಳು ಮಗಳು. ಬೇಕಾಗಿದ್ದದ್ದು ಅದೇ ತಾನೆ? ಆದರೂ ತೂರಿಡ್ ಕಾವಲಿಯನ್ನು ಒಲೆಯ ಮೇಲೆ ಕುಕ್ಕಿದ ರಭಸಕ್ಕೆ ಜಾಮಿನ ಬಾಟಲಿ ಹಾರಿಬಿತ್ತು.

"ಹಲಗೆ ಮುಟ್ಟಿದ್ರೆ ಕೈ ಮುರೀತೀನಿ! ಒಂಬೈನೂರ ಎಪ್ಪತ್ತು, ಅದಕ್ಕೇ ಇರು ಅಂತ ನೀವು ಕೊಡೋ ಅಪ್ಪಣೆ ಯಾರಿಗೆ ಬೇಕು? ಬಿರುಗಾಳಿ ಬಂದ ಆ ಸಂಜೆ ಈ ಮನೆ ಸಾವಿರದ ಆರರಲ್ಲಿ ಇತ್ತು. ನಾನು ಕಣ್ಣಾರೆ ನೋಡಿದ್ದೀನಿ, ನಿಮ್ಮ ಉಪಗ್ರಹ ಆವಾಗ ಎಲ್ಲಿತ್ತು? ನಾನು ಇಲ್ಲೇ ಇರ್ತೀನಿ, ಸಾವಿರದ ಆರರಲ್ಲೇ ಇರ್ತೀನಿ, ಡಾಕ್ಟರು ಬೇಡ ಅಂದ ಎತ್ತರದಲ್ಲೇ ಇರ್ತೀನಿ. ತೋರ್ಲೈವ್, ನಿಮ್ಮ ಗಡಿಯಾರ ಎತ್ಕೊಂಡು ಏಳಿ!"

ತೋರ್ಲೈವ್ ಎದ್ದ. ಹೋಗುವಾಗ ಅರ್ಧ ಉಳಿದಿದ್ದ ವಾಫಲನ್ನು ಜೇಬಿಗಿಳಿಸಲು ಮರೆಯಲಿಲ್ಲ.

ಆ ರಾತ್ರಿ ಮಗಳೂ ಅಲ್ಲೇ ಮಲಗಿದಳು. ಬೆಳಿಗ್ಗೆ ಇಂಗ್ವಿಲಳಿಗೆ ಎಚ್ಚರವಾದಾಗ ಪಕ್ಕದ ಹಾಸಿಗೆ ಖಾಲಿ. ಬರಿಗಾಲಲ್ಲೇ ಬಾಗಿಲಿಗೆ ಓಡಿದಳು. ಹೊರಗೆ ಹಿಮದ ಮೇಲೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ತೂರಿಡ್ ಸ್ಟೂಲು ಹತ್ತಿ ನಿಂತು, ಒಂದು ಕೈಯಲ್ಲಿ ಕಪ್ಪು ಬಣ್ಣದ ಡಬ್ಬಿ ಹಿಡಿದು, ಮಳೆ ಬಿಸಿಲಿಗೆ ಮಾಸಿದ ಅಂಕಿಗಳನ್ನು ತಿದ್ದುತ್ತಿದ್ದಳು. ಒಂದೂ ಎರಡು ಸೊನ್ನೆಗಳೂ ಆಗಲೇ ಹೊಳೆಯುತ್ತಿದ್ದವು. ಅವಳ ಉಸಿರು ಏರಿತ್ತು.

ಇಂಗ್ವಿಲ್ ಅಪ್ಪನ ಹಳೆಯ ಬೂಟಿಗೆ ಕಾಲು ತೂರಿಸಿ, ಬಂದು ಸ್ಟೂಲಿನ ಕಾಲುಗಳನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.

ಕೆಳಗಿನ ಜಾಡಿನಲ್ಲಿ ತೋರ್ಲೈವ್ ಸ್ಕೀ ಮೇಲೆ ಬಂದ. ನಿಂತ. ಹಲಗೆಯನ್ನೂ, ಹಲಗೆಯ ಮುಂದಿನ ಹೆಂಗಸನ್ನೂ ನೋಡಿದ. ಗಡಿಯಾರದ ಮೇಲೆ ಕೋಟಿನ ತೋಳನ್ನು ಎಳೆದುಕೊಂಡು ಕೂಗಿದ:

"ಮೇಲೆ ಗಾಳಿ ಹೇಗಿದೆ ತೂರಿಡ್?"

"ತೆಳ್ಳಗಿದೆ," ಎಂದಳು ಅವಳು ತಿರುಗಿಯೂ ನೋಡದೆ. "ತಗ್ಗಿನಲ್ಲಿರೋರಿಗೆ ಒಗ್ಗಲ್ಲ. ನಿಧಾನಕ್ಕೆ ಹತ್ತಿ. ವಾಫಲ್ ಹಿಟ್ಟು ಕಲಸಿಟ್ಟಿದ್ದೀನಿ."

ಕುಂಚವನ್ನು ಬಣ್ಣಕ್ಕೆ ಅದ್ದಿ, ಡಬ್ಬಿಯ ಅಂಚಿಗೆ ಒರೆಸಿ, ಆರಕ್ಕೆ ಬಂದಳು. ಅದರ ಸೊಟ್ಟ ಹೊಟ್ಟೆಯನ್ನು ನೆಟ್ಟಗೆ ಮಾಡಲು ಹೋಗಲಿಲ್ಲ. ಹಾಲ್ವರ್ ಸುಟ್ಟ ಗೆರೆ ಎಲ್ಲೆಲ್ಲಿ ಬಾಗಿತ್ತೋ ಅಲ್ಲಲ್ಲೇ ಬಾಗುತ್ತಾ ಬಣ್ಣ ಎಳೆದಳು.