ತುದಿ ಸೇರದ ಬಳ್ಳಿ

ಎಂಟು ತಿಂಗಳಿಂದ ಸೋಲ್ವೈ ನನಗೆ ಹೇಳುತ್ತಿದ್ದದ್ದು ಒಂದೇ ಮಾತು: "ಮತ್ತೆ ಮುಚ್ಚಿಬಿಟ್ಟೆ, ಗಾರ್ಗಿ." ಹೇಳಿ, ನಾನು ಬರೆದ ಕಾಗದವನ್ನು ಎರಡಾಗಿ ಹರಿದು ಬುಟ್ಟಿಗೆ ಹಾಕುತ್ತಿದ್ದಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಆಕೆ ಬೈಯುವವಳಲ್ಲ.

ಸೋಲ್ವೈ ನಾರ್ವೆಯವಳು. ಮ್ಯಾನ್‌ಹಟನ್ನಿನ ಒಂದು ಹಳೇ ಕಟ್ಟಡದ ಎರಡನೇ ಮಹಡಿಯಲ್ಲಿ ಅವಳ ಟ್ಯಾಟೂ ಸ್ಟುಡಿಯೋ. ಅವಳ ಊರ ಕಡೆ ಮರದ ಪೆಟ್ಟಿಗೆ, ಬೋಗುಣಿ, ಬಾಗಿಲುಗಳ ಮೇಲೆ ಹೂಬಳ್ಳಿ ಬರೆಯುವ ಹಳೇ ಪದ್ಧತಿಯಿದೆ, ರೋಸ್‌ಮಾಲಿಂಗ್ ಅಂತ. ಆ ಬಳ್ಳಿಗಳನ್ನು ಅವಳು ಮಷೀನಿಲ್ಲದೆ, ಕಡ್ಡಿಗೆ ಕಟ್ಟಿದ ಸೂಜಿಯಿಂದ, ಚುಕ್ಕಿ ಚುಕ್ಕಿಯಾಗಿ ಚರ್ಮದ ಮೇಲೆ ಚುಚ್ಚುತ್ತಾಳೆ. ಅದನ್ನು ಕಂಡ ದಿನವೇ ನನಗೆ ಹುಚ್ಚು ಹಿಡಿಯಿತು. ನಾನೂ ಅಮ್ಮನೂ ಇರುವ ಎಡಿಸನ್ ಊರಿನ ಆಫೀಸು ಕೆಲಸ ಬಿಟ್ಟು, ದಿನಾ ಟ್ರೇನು ಹತ್ತಿ ಬಂದು, ಸ್ಟುಡಿಯೋದ ನೆಲ ಒರೆಸುವುದರಿಂದ ಶುರುಮಾಡಿದೆ. ಅಮ್ಮನ ಸ್ನೇಹಿತೆ ಹಂಸಾ ಆಂಟಿ, "ಹಾಗಾದ್ರೆ ನಮ್ಮ ನಿಧಿ ಮದುವೆಗೆ ಮೆಹಂದಿ ನೀನೇ ಹಾಕ್ಬಿಡು" ಅಂದರು. ಹಲ್ಲು ಕಚ್ಚಿಕೊಂಡು ನಕ್ಕೆ.

ಆ ಬಳ್ಳಿಯ ಜೀವ ಇರುವುದೇ ತುದಿಯಲ್ಲಿ. ಸುಳಿ ಸುತ್ತಿ ಬಂದ ಗೆರೆ ಕೊನೆಗೆ ತೆಳ್ಳಗಾಗಿ, ಎಲ್ಲೂ ಸೇರದೆ ಹಾಗೇ ನಿಲ್ಲಬೇಕು. ನನ್ನ ಕೈಗೆ ಆಗದ್ದು ಅದೇ. ಮೈಸೂರಿನಲ್ಲಿ ಆರನೇ ವಯಸ್ಸಿಗೇ ಅಮ್ಮ ನನ್ನನ್ನು ಚುಕ್ಕಿ ರಂಗೋಲಿಗೆ ಕೂರಿಸಿದ್ದಳು. ಹೊರಟ ಗೆರೆ ಹೊರಟಲ್ಲಿಗೇ ಬಂದು ಸೇರಬೇಕು. ಬಾಯಿ ಬಿಟ್ಟ ಗೆರೆ ಮನೆಗೆ ಒಳ್ಳೆಯದಲ್ಲ. ತಪ್ಪಿದರೆ ಬೆರಳಿಗೆ ಏಟು. ಇಪ್ಪತ್ತೈದು ವರ್ಷ ಕಳೆದರೂ, ತುದಿ ಹತ್ತಿರ ಬಂತು ಅಂದರೆ ನನ್ನ ಕೈ ನನ್ನನ್ನು ಕೇಳದೆ ಸರಕ್ಕನೆ ಒಳಗೆ ತಿರುಗಿ ಗೆರೆಯನ್ನು ಸೇರಿಸಿಬಿಡುತ್ತಿತ್ತು. ಕಾಗದದ ಮೇಲೆ, ಅಭ್ಯಾಸಕ್ಕೆ ಚುಚ್ಚುವ ಕಿತ್ತಳೆ ಸಿಪ್ಪೆಯ ಮೇಲೆ, ಕೊನೆಗೆ ನನ್ನ ತೊಡೆಯ ಮೇಲೂ ಅದೇ ಹಣೆಬರಹ. ಟ್ರೇನಿನಲ್ಲಿ ಕೂತು ಅಳು ಬರುವಷ್ಟು ಸಿಟ್ಟು ಬರುತ್ತಿತ್ತು. ಸೋಲ್ವೈ ಮೇಲಲ್ಲ, ಈ ಹಾಳು ಕೈ ಮೇಲೆ.

ಅಕ್ಟೋಬರಿನಲ್ಲಿ ಸೋಲ್ವೈ ಖಡಾಖಂಡಿತವಾಗಿ ಹೇಳಿದಳು. ಶನಿವಾರ ಯಾರನ್ನಾದರೂ ಕರೆದುಕೊಂಡು ಬಾ, ನನ್ನ ಮುಂದೆ ಅವರ ಕೈಗೆ ಒಂದು ಬಳ್ಳಿ ಹಾಕು. ತುದಿ ಬಿಡಲು ಬಂದರೆ ಕಿಟಕಿ ಪಕ್ಕದ ಕುರ್ಚಿ ನಿನ್ನದು. ಬರದಿದ್ದರೆ ಬೇರೆ ಕೆಲಸ ನೋಡಿಕೋ.

ಗೆಳತಿಯರಲ್ಲಿ ನಾಲ್ವರು ಒಪ್ಪಿದರು, ನಾಲ್ವರೂ ಹಿಂದೆ ಸರಿದರು. ಶುಕ್ರವಾರ ಸಂಜೆ ನಾನು ಫೋನನ್ನು ಸೋಫಾದ ಮೇಲೆ ಎಸೆದದ್ದು ಕೇಳಿಸಿ ಅಮ್ಮ ಅಡುಗೆಮನೆಯಿಂದ ಬಂದಳು. ಅಷ್ಟು ತಿಂಗಳೂ ನನ್ನ ಕೆಲಸದ ಬಗ್ಗೆ ತುಟಿ ಬಿಚ್ಚದವಳು ಸ್ವೆಟರಿನ ತೋಳು ಮಡಿಸಿದಳು.

"ನಂಗೇ ಹಾಕು. ಎಷ್ಟು ದಿನ ಅಂತ ಹೀಗೆ ಮುಖ ಊದಿಸ್ಕೊಂಡು ಓಡಾಡ್ತೀಯ?"

"ನೋವಾಗುತ್ತಮ್ಮ. ಪರ್ಮನೆಂಟ್ ಅದು."

"ನಿನ್ನ ಹೆತ್ತೋಳಿಗೆ ಸೂಜಿ ಏನು ಲೆಕ್ಕ? ಬಲಗೈಗೇ ಹಾಕು, ಶುಭ."

ಶನಿವಾರ ಮೂರು ಗಂಟೆ ಕಾಲ ಅಮ್ಮ ಮಿಸುಕಲಿಲ್ಲ. ಕೊನೆಯ ಸುಳಿ ಬಂತು. ಕೈ ಒಳಗೆ ತಿರುಗಲು ಹೊರಟೇಬಿಟ್ಟಿತ್ತು; ಉಸಿರು ಬಿಗಿಹಿಡಿದು ಸೂಜಿ ಎತ್ತಿದೆ. ಗೆರೆ ತೆಳ್ಳಗೆ ನಿಂತಿತ್ತು, ಎಲ್ಲೂ ಸೇರದೆ. ಸೋಲ್ವೈ ಬಗ್ಗಿ ನೋಡಿ ತಲೆಯಾಡಿಸಿದಳು. ನನಗೆ ಕುಣಿಯಬೇಕು ಅನ್ನಿಸಿತು.

ಅಷ್ಟರಲ್ಲಿ ಅಮ್ಮ ಕನ್ನಡಕ ಏರಿಸಿಕೊಂಡು, "ಇಲ್ಲಿ ಸೇರಿಸೋದು ಮರ್ತಿದೀಯ" ಅಂದಳು.

"ಮರೆತಿಲ್ಲ. ಅದು ಹಾಗೇ ಇರ್ಬೇಕು."

"ಸಾಯೋ ತನಕ ಬಾಯಿ ಬಿಟ್ಟ ಗೆರೆ ಇಟ್ಕೊಂಡು ಈ ಕೈಲಿ ದೇವರಿಗೆ ಹೂ ಹಾಕ್ಲಾ? ಸೇರ್ಸೇ, ಎರಡು ಚುಕ್ಕಿ ತಾನೇ."

ನಿಜ, ಎರಡೇ ಚುಕ್ಕಿ. ಸೂಜಿ ಇನ್ನೂ ನನ್ನ ಕೈಯಲ್ಲೇ ಇತ್ತು. ಸೋಲ್ವೈಗೆ ಕನ್ನಡ ಬಾರದಿದ್ದರೂ ಅಮ್ಮನ ಬೆರಳು ಎಲ್ಲಿ ತೋರಿಸುತ್ತಿದೆ ಎಂದು ಕಾಣುತ್ತಿತ್ತು. ಅವಳು ನನ್ನನ್ನೇ ನೋಡುತ್ತಿದ್ದಳು. ಕೈ ಅಮ್ಮನದು, ಕೇಳಿದ್ದು ನ್ಯಾಯವೇ. ಆದರೂ ನಾನು "ಆಗಲ್ಲ" ಅಂದು ಸೂಜಿಯನ್ನು ಕಸದ ಡಬ್ಬಿಗೆ ಹಾಕಿಬಿಟ್ಟೆ. ಕುರ್ಚಿ ಸಿಕ್ಕಿತು.

ಗಾಯ ಮಾಯುವವರೆಗೆ ಏನೂ ತಾಗಿಸಬೇಡ ಅಂತ ಅಮ್ಮನಿಗೆ ಹೇಳಿದ್ದೆ. ಅದನ್ನು ಚಾಚೂ ತಪ್ಪದೆ ಪಾಲಿಸಿದಳು. ತಿಂಗಳಾದ ಮೇಲೆ ಒಂದು ಬೆಳಿಗ್ಗೆ ನೋಡುತ್ತೇನೆ, ಸ್ನಾನ ಮುಗಿಸಿ, ದೇವರ ಮುಂದೆ ಕೂರುವ ಮೊದಲು, ಕಾಡಿಗೆಯಿಂದ ಆ ತುದಿಯನ್ನು ತಾನೇ ಸೇರಿಸಿಕೊಳ್ಳುತ್ತಿದ್ದಾಳೆ! ಎಡಗೈಯ ಕೆಲಸ, ಗೆರೆ ಸೊಟ್ಟ, ದಪ್ಪ, ಪಕ್ಕದ ಎಲೆಯ ಮೇಲೆಲ್ಲ ಮೆತ್ತಿಕೊಂಡಿದೆ. ಮರುದಿನವೂ ಅದೇ. ಭಾನುವಾರ ಮನೆಗೆ ಬಂದ ಹಂಸಾ ಆಂಟಿಗೆ ಅದೇ ಕೈ ಚಾಚಿ, "ನಮ್ಮ ಗಾರ್ಗಿ ಹಾಕಿದ್ದು" ಅಂತ ತೋರಿಸಿದಳು. ನನಗೆ ಮೈಯೆಲ್ಲ ಉರಿದುಹೋಯಿತು. ಎಂಟು ತಿಂಗಳು ಒದ್ದಾಡಿ ಕಲಿತದ್ದರ ಮೇಲೆ ಆ ಸೊಟ್ಟ ಗೆರೆ, ಅದರ ಮೇಲೆ ನನ್ನ ಹೆಸರು.

ಸೋಮವಾರ ಬೆಳಿಗ್ಗೆ ತಡೆಯಲಾಗಲಿಲ್ಲ. "ಕೊಡಿಲ್ಲಿ" ಅಂತ ಕಾಡಿಗೆ ಕಿತ್ತುಕೊಂಡು ಅಮ್ಮನ ಕೈ ಎಳೆದುಕೊಂಡೆ. ಗೆರೆ ನಾನು ಬಿಟ್ಟಿದ್ದ ಜಾಗದಿಂದ ಎದ್ದು, ಸರಕ್ಕನೆ ಒಳಗೆ ತಿರುಗಿ, ಕೂದಲೆಳೆಯಷ್ಟೂ ತಪ್ಪದೆ ಹೋಗಿ ಸೇರಿತು.

ಅಮ್ಮ ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

"ಇಷ್ಟು ಚೆನ್ನಾಗಿ ಬರುತ್ತಲ್ಲೇ ನಿಂಗೆ. ಅವತ್ತು ಏನಾಗಿತ್ತು?"