ಲೋಹದ ಗುಂಡಿ ಇಲ್ಲದ ಕೋಟುಗಳು

ಮಧ್ಯಾಹ್ನ ಬೀದಿಯ ಗದ್ದಲ ಅಡಗಿತೆಂದರೆ ಅಲ್ಲಿನ ಮನೆಗಳ ಗೋಡೆಯೊಳಗಿಂದ ಗುಂಯ್ ಎನ್ನುವ ಸದ್ದು ಬರುತ್ತಿತ್ತು. ಅದು ಕಿವಿಗಿಂತ ಮೊದಲು ಹಲ್ಲಿಗೆ ತಿಳಿಯುತ್ತಿತ್ತು. ಬೀದಿಯ ಕೆಳಗೆ ನೂರು ಮೀಟರ್ ಆಳದಲ್ಲಿ ಬಳೆಯಂತೆ ದುಂಡಗಿನ ಸುರಂಗ. ಅಲ್ಲಿ ವಿಜ್ಞಾನಿಗಳು ಕಣ್ಣಿಗೆ ಕಾಣದ ಕಣಗಳನ್ನು ಓಡಿಸಿ ಒಂದಕ್ಕೊಂದು ಡಿಕ್ಕಿ ಹೊಡೆಸಲಿದ್ದಾರೆ ಎಂಬುದಷ್ಟೇ ಬೀದಿಯವರಿಗೆ ಗೊತ್ತಿತ್ತು.

ಮೂಲೆಮನೆಯ ಹೊಲಿಗೆಯಮ್ಮನಿಗೆ ಅಷ್ಟು ದಿನ ಅದರ ಗೊಡವೆ ಇರಲಿಲ್ಲ. ಮುಂದಿನ ಕೋಣೆ ಅವಳ ಅಂಗಡಿ, ಒಳಕೋಣೆಯಲ್ಲಿ ತುಂಬು ಬಸುರಿ ಮಗಳು. ಅಳಿಯ ಹಡಗಿನ ಕೆಲಸಕ್ಕೆ ಹೋಗಿದ್ದ. "ಮಗುವಿನ ಮಾಸು ಗರ್ಭದ ಬಾಯಿಗೇ ಅಡ್ಡವಾಗಿ ಕೆಳಗೆ ಕೂತಿದೆ. ಯಾವಾಗ ಬೇಕಾದ್ರೂ ರಕ್ತಸ್ರಾವ ಆಗಬಹುದು. ಆಸ್ಪತ್ರೆ ಹತ್ತಿರಾನೇ ಇರಿ, ಪ್ರಯಾಣ ಮಾತ್ರ ಕೂಡದು" ಎಂದು ಡಾಕ್ಟರಮ್ಮ ಕಡ್ಡಿ ಮುರಿದ ಹಾಗೆ ಹೇಳಿದ್ದರು. ಆಸ್ಪತ್ರೆ ಹತ್ತು ನಿಮಿಷದ ದಾರಿ.

ಆ ವಾರ ಪ್ರಯೋಗಾಲಯದಿಂದ ನಲವತ್ತು ಕೋಟುಗಳ ಕೆಲಸ ಬಂತು. ಜೊತೆಗೊಂದು ಚೀಟಿ: ಲೋಹದ ಗುಂಡಿ ಬೇಡ, ಹುಕ್ ಬೇಡ, ಜಿಪ್ ಬೇಡ, ಬಟ್ಟೆಯ ಲಾಡಿ ಸಾಕು. ಮೂವತ್ತು ವರ್ಷದ ಹೊಲಿಗೆಯಲ್ಲಿ ಅವಳು ಇಂಥ ಚೀಟಿ ಕಂಡಿರಲಿಲ್ಲ.

ಮಾರನೆಯ ದಿನ ಮೊಬೈಲಿಗೆ ಒಂದು ಧ್ವನಿ ಸಂದೇಶ ಬಂತು. ಯಾರು ಕಳಿಸಿದ್ದೋ ತಿಳಿಯದು. ಒಬ್ಬ ಹೆಂಗಸು ಮಗುವನ್ನು ಮಲಗಿಸುವವಳಂತೆ ಮೆಲ್ಲಗೆ ಮಾತಾಡುತ್ತಿದ್ದಳು. "ಗುರುವಾರ ಬೆಳಗ್ಗೆ ಹನ್ನೊಂದು ಗಂಟೆಗೆ ಯಂತ್ರ ಶುರುವಾಗುತ್ತೆ. ಕೆಳಗೆ ಎಲ್ಲಾನೂ ನುಂಗೋ ಕಪ್ಪುಕುಳಿ ಹುಟ್ಟುತ್ತೆ. ಮೊದಲು ಲೋಹ ಎಳೆಯುತ್ತೆ, ಆಮೇಲೆ ನೀರು, ಆಮೇಲೆ ನಮ್ಮನ್ನ. ಹೊಟ್ಟೆಯಲ್ಲಿರೋ ಮಕ್ಕಳಿಗೆ ಈಗಾಗಲೇ ಗೊತ್ತಾಗಿದೆ."

ಮೊದಲು ಲೋಹ. ಹೊಲಿಗೆಯಮ್ಮನ ಕೈ ಕೋಟಿನ ಮೇಲೆ ನಿಂತೇ ಹೋಯಿತು.

ಒಳಗಿಂದ ಮಗಳು ಕರೆದಳು. "ಅಮ್ಮಾ, ಬಾ ಇಲ್ಲಿ. ಗೋಡೆ ಗುಂಯ್ ಅಂದಾಗಲೇ ಮಗು ಒದೆಯುತ್ತೆ ನೋಡು. ದಿನಾ ಹೀಗೇ."

ಹೊಲಿಗೆಯಮ್ಮ ಆ ಹೊಟ್ಟೆಯ ಮೇಲೆ ಕೈಯಿಟ್ಟಳು. ಹೌದು, ಸದ್ದು ಏರಿದಾಗಲೇ ಪುಟ್ಟ ಹಿಮ್ಮಡಿಯೊಂದು ಒಳಗಿಂದ ಅಂಗೈಯನ್ನು ತಳ್ಳಿತು.

ಮನೆಯಲ್ಲಿ ಹೆದರುವುದೂ ಒಂದು ಕೆಲಸ. ಆ ಕೆಲಸ ಯಾವಾಗಲೂ ಅವಳ ಪಾಲಿಗೇ ಬರುತ್ತಿತ್ತು. ಗಂಡ ಬದುಕಿದ್ದಾಗಲೂ ಅಷ್ಟೇ. ಆತ ನಗುತ್ತಿದ್ದ, ಇವಳು ಹೆದರುತ್ತಿದ್ದಳು. ಈಗ ಯಾರನ್ನೂ ಕೇಳದೆ ಅವಳು ಬುಧವಾರಕ್ಕೆ ವ್ಯಾನ್ ಗೊತ್ತುಮಾಡಿದಳು. ಆರು ಗಂಟೆಯ ಬೆಟ್ಟದ ದಾರಿ, ಆಚೆ ಅಕ್ಕನ ಮನೆ. ಅಲ್ಲಿ ಆಸ್ಪತ್ರೆ ಇಲ್ಲ ನಿಜ, ಆದರೆ ಯಂತ್ರವೂ ಇಲ್ಲ. ಆ ಧ್ವನಿಯನ್ನು ಅಕ್ಕನಿಗೂ ಹನ್ನೊಂದು ಗಿರಾಕಿಗಳಿಗೂ ಕಳಿಸಿದಳು.

ಮಂಗಳವಾರ ಕೋಟುಗಳನ್ನು ಒಯ್ಯಲು ಲಿಫ್ಟಕ್ಕ ಬಂದಳು. ಸುರಂಗಕ್ಕೆ ಜನರನ್ನು ಇಳಿಸಿ ಹತ್ತಿಸುವ ಲಿಫ್ಟ್ ಅವಳ ಕೈಯಲ್ಲಿತ್ತು. ಪಕ್ಕದ ಬೀದಿಯವಳು, ಬಾಯಿ ಸ್ವಲ್ಪ ಜೋರು. ಬಾಗಿಲ ಬಳಿಯ ಪೆಟ್ಟಿಗೆ ಕಂಡು, "ಏನೇ, ಎಲ್ಲಿಗೆ ಸವಾರಿ?" ಎಂದಳು.

"ಮಗಳನ್ನ ಕರ್ಕೊಂಡು ಹೋಗ್ತೀನಿ. ಗುರುವಾರ ನಾವಿಲ್ಲಿ ಇರಲ್ಲ."

"ಈ ಸ್ಥಿತೀಲಿ? ತಲೆ ನೆಟ್ಟಗಿದೆಯಾ ನಿಂಗೆ?"

"ನನ್ನ ತಲೆ ನೆಟ್ಟಗೇ ಇದೆ. ಲೋಹದ ಗುಂಡಿ ಯಾಕೆ ಬೇಡ ಅಂದ್ರು ಹೇಳು. ಇವತ್ತು ಗುಂಡಿ ಎಳೆಯೋದು ನಾಳೆ ಮನುಷ್ಯರನ್ನ ಬಿಡುತ್ತಾ?"

ಲಿಫ್ಟಕ್ಕ ನಗಲಿಲ್ಲ. ಕುರ್ಚಿ ಎಳೆದು ಕೂತಳು. "ನಿನ್ನ ಯಜಮಾನ್ರಿಗೆ ದೊಡ್ಡಾಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿಸಿದ್ಯಲ್ಲ, ಆಗ ಉಂಗುರ, ಬೆಲ್ಟು ತೆಗೆಸಿದ್ರಾ ಇಲ್ವಾ?"

"ತೆಗೆಸಿದ್ರು."

"ಯಾಕೆ? ಅದರೊಳಗೆ ದೊಡ್ಡ ಆಯಸ್ಕಾಂತ. ಇಲ್ಲೂ ಅದೇ. ಹತ್ತಿರ ಹೋದವರ ಜೇಬಿನ ಕತ್ತರಿ ಹಾರಿ ಹೋಗುತ್ತೆ, ನಾಲ್ಕು ಹೆಜ್ಜೆ ಆಚೆ ನಿಂತ್ರೆ ಏನೂ ಇಲ್ಲ. ನೂರು ಮೀಟರ್ ಮೇಲಿರೋ ನಿನ್ನ ಸೂಜಿಗೆ ಅದು ಇರೋದೇ ತಿಳಿಯಲ್ಲ."

"ಮತ್ತೆ ಆ ಸದ್ದು? ಸದ್ದು ಏರಿದಾಗಲೇ ಮಗು ಒದೆಯೋದು?"

"ಸುರಂಗಕ್ಕೆ ಗಾಳಿ ಊದೋ ಫ್ಯಾನು ಕಣೇ. ವರ್ಷದಿಂದ ತಿರುಗ್ತಿದೆ. ಮಧ್ಯಾಹ್ನ ಬೀದಿ ಸುಮ್ಮನಾದಾಗ ನಿಮಗೆ ಕೇಳಿಸುತ್ತೆ. ಮಗಳು ಮಲಗೋದೂ ಆಗಲೇ. ತಾಯಿ ಅಲುಗಾಡದೆ ಮಲಗಿದ್ರೆ ಒದೆತ ಚೆನ್ನಾಗಿ ಗೊತ್ತಾಗುತ್ತೆ. ನಿಂಗೆ ನಾನು ಹೇಳಿಕೊಡಬೇಕಾ?"

ಹೊಲಿಗೆಯಮ್ಮ ತಲೆ ತಗ್ಗಿಸಿದಳು. ಆದರೆ ಆ ಮೆಲುದನಿ ಇನ್ನೂ ಅವಳ ಕಿವಿಯಲ್ಲೇ ಕೂತಿತ್ತು. "ಮತ್ತೆ ಕಪ್ಪುಕುಳಿ ಹುಟ್ಟುತ್ತೆ ಅಂತ ಮೊಬೈಲಲ್ಲಿ ಬಂತಲ್ಲ?"

"ನಡಿ, ಒಂದು ತೋರಿಸ್ತೀನಿ."

ಪ್ರಯೋಗಾಲಯದ ಬಾಗಿಲ ಬಳಿ, ನೆಲದ ಮೇಲೆಯೇ, ಸಾರ್ವಜನಿಕರಿಗೆಂದು ಒಂದು ಕತ್ತಲ ಕೋಣೆ ಇತ್ತು. ಮಧ್ಯದಲ್ಲಿ ಗಾಜಿನ ಪೆಟ್ಟಿಗೆ, ಅದರ ತಳದಲ್ಲಿ ತಣ್ಣನೆಯ ಮಂಜು. ಹೊಲಿಗೆಯಮ್ಮ ಬಗ್ಗಿ ನೋಡಿದಳು. ಏನೂ ಇರಲಿಲ್ಲ. ಆಮೇಲೆ ಮಂಜಿನಲ್ಲಿ ಒಂದು ಬಿಳಿ ದಾರ ಮೂಡಿತು. ನೇರವಾಗಿ, ಯಾರೋ ಸೂಜಿ ಎಳೆದ ಹಾಗೆ. ಅದು ಕರಗುವಷ್ಟರಲ್ಲಿ ಇನ್ನೊಂದು, ಮತ್ತೊಂದು. ಹೊಲಿಯುವ ಕೈ ಮಾತ್ರ ಎಲ್ಲೂ ಇರಲಿಲ್ಲ.

"ಯಂತ್ರದಿಂದ ಬರ್ತಿದೆಯಾ?" ಅವಳು ಗಾಜಿನಿಂದ ಹಿಂದೆ ಸರಿದಳು.

"ಯಂತ್ರ ಇನ್ನೂ ಶುರುವೇ ಆಗಿಲ್ಲವಲ್ಲ. ಇವು ಕಣಗಳು ಹಾದುಹೋದ ಜಾಡು. ಕೆಲವು ಕಲ್ಲುಮಣ್ಣಿನಿಂದ ಬರೋವು, ಇನ್ನು ಕೆಲವು ಆಕಾಶದಿಂದ ಬೀಳೋವು. ಮೇಲಿಂದ ಬರೋ ಕಣಗಳು ಗಾಳಿಗೆ ಡಿಕ್ಕಿ ಹೊಡೀತವೆ, ಅದರ ಚೂರುಗಳು ನಮ್ಮ ಮೈ ತೂರಿ ಹೋಗ್ತವೆ. ಕೈ ಚಾಚು. ಈ ಅಂಗೈಯಲ್ಲಿ ಈಗ ಒಂದು ಹೋಯ್ತು. ಈಗ ಇನ್ನೊಂದು."

ಹೊಲಿಗೆಯಮ್ಮ ಕತ್ತಲಲ್ಲಿ ಕೈ ಚಾಚಿ ನಿಂತಳು. ಏನೂ ಅನ್ನಿಸಲಿಲ್ಲ. ಏನೂ ಅನ್ನಿಸದೇ ಇರುವುದೇ ಮೈ ಜುಮ್ಮೆನ್ನಿಸಿತು. ಮಗಳನ್ನು ಹೆತ್ತಾಗಲೂ ಹೀಗೇ ಹಾದುಹೋಗಿರಬೇಕು. ತನ್ನ ಅಮ್ಮ ತನ್ನನ್ನು ಹೆತ್ತಾಗಲೂ.

"ಕೆಳಗೆ ಇವರು ಮಾಡೋ ಡಿಕ್ಕಿಗಿಂತ ಎಷ್ಟೋ ಪಟ್ಟು ಜೋರಾದ ಡಿಕ್ಕಿ ಮೇಲೆ ಕೋಟ್ಯಂತರ ವರ್ಷದಿಂದ ನಡೀತಿದೆ" ಎಂದಳು ಲಿಫ್ಟಕ್ಕ. "ಭೂಮಿ ನುಂಗೋ ಹಾಗಿದ್ರೆ ಎಂದೋ ನುಂಗಿ ನೀರು ಕುಡೀತಿತ್ತು. ಚಂದ್ರನೂ ಉಳೀತಿರಲಿಲ್ಲ. ಇಲ್ಲಿನ ಒಂದು ಡಿಕ್ಕಿಯ ಬಲ ಅಂದ್ರೆ ಹಾರೋ ಹತ್ತಾರು ಸೊಳ್ಳೆಗಳಷ್ಟು."

"ಸೊಳ್ಳೆ ಹೊಡೆಯೋಕೆ ಇಷ್ಟುದ್ದ ಸುರಂಗ ತೋಡಿದ್ರಾ?"

"ಅಬ್ಬಾ, ನಗು ಬಂತಲ್ಲ! ಆ ಬಲವನ್ನೆಲ್ಲ ಧೂಳಿಗಿಂತ ಎಷ್ಟೋ ಚಿಕ್ಕ ಜಾಗಕ್ಕೆ ತುಂಬೋದಕ್ಕೆ ಕಣೇ ಅಷ್ಟೆಲ್ಲ. ಕೆಳಗೆ ಅಪಾಯಾನೇ ಇಲ್ಲ ಅಂತ ನಾನು ಹೇಳಲ್ಲ. ಕರೆಂಟಿದೆ, ಆಯಸ್ಕಾಂತ ಇದೆ, ಯಂತ್ರ ಓಡುವಾಗ ವಿಕಿರಣ ಇದೆ. ಅದಕ್ಕೇ ಆಗ ಒಬ್ಬರನ್ನೂ ಒಳಗೆ ಬಿಡಲ್ಲ, ಮೇಲಿಂದ ನೂರು ಮೀಟರ್ ಬಂಡೆ ಮುಚ್ಚಿದೆ. ಮೊದಲ ದಿನ ಇಳಿದಾಗ ನಾನೂ ನಡುಗಿದ್ದೆ. ಆದ್ರೆ ಕೇಳ್ದೆ. ಹತ್ತು ಸಲ ಕೇಳ್ದೆ. ನೀನು ಯಾರನ್ನ ಕೇಳ್ದೆ?"

ಹೊಲಿಗೆಯಮ್ಮ ಚಾಚಿದ ಕೈಯನ್ನು ಹಿಂದೆಗೆದಳು. ಹೆಸರೂ ಇಲ್ಲದ ಒಂದು ಧ್ವನಿಯನ್ನು ನಂಬಿ ಅವಳು ಮಗಳನ್ನು ಬೆಟ್ಟ ಹತ್ತಿಸಲು ಹೊರಟಿದ್ದಳು.

ಮನೆಗೆ ಬಂದು ವ್ಯಾನಿನವನಿಗೆ ಬೇಡವೆಂದಳು. ಅಕ್ಕನಿಗೂ ಹನ್ನೊಂದು ಗಿರಾಕಿಗಳಿಗೂ ಒಬ್ಬೊಬ್ಬರಾಗಿ ಫೋನ್ ಮಾಡಿ, "ನಾನು ಕಳಿಸಿದ್ದು ಸುಳ್ಳು" ಎಂದಳು. ಕಳಿಸಲು ಒಂದು ಕ್ಷಣ ಸಾಕಾಗಿತ್ತು, ತಿದ್ದಲು ಸಂಜೆಯೆಲ್ಲ ಹಿಡಿಯಿತು.

ಗುರುವಾರ ಹನ್ನೊಂದಾಯಿತು. ತಾಯಿ ಮಗಳು ಮಂಚದ ಮೇಲೆ ಅಂಟಿಕೊಂಡು ಕೂತಿದ್ದರು. ಬೀದಿ ಉಸಿರು ಬಿಗಿಹಿಡಿದಿತ್ತು. ಹನ್ನೊಂದೂ ಐದು. ಹನ್ನೊಂದೂ ಹತ್ತು.

"ಅಮ್ಮಾ, ಹಸಿವಾಗ್ತಿದೆ" ಎಂದಳು ಮಗಳು.

ಮಧ್ಯಾಹ್ನ ಮತ್ತೆ ಅದೇ ಮೆಲುದನಿ ಬಂತು. "ಇವತ್ತು ಏನೂ ಆಗಲಿಲ್ಲ ಅಂತ ಮೋಸ ಹೋಗಬೇಡಿ. ಮುಂದಿನ ತಿಂಗಳು..." ಹೊಲಿಗೆಯಮ್ಮ ಪೂರ್ತಿ ಕೇಳದೆ ಅಳಿಸಿದಳು.

ಶುಕ್ರವಾರ ಬೆಳಗ್ಗೆ ಮಗಳ ಬಟ್ಟೆ ರಕ್ತದಲ್ಲಿ ತೊಯ್ದಿತು. ಹತ್ತು ನಿಮಿಷದಲ್ಲಿ ಅವರು ಆಸ್ಪತ್ರೆಯಲ್ಲಿದ್ದರು, ಗಂಟೆಯೊಳಗೆ ಆಪರೇಷನ್ ಆಯಿತು. ಹೆಣ್ಣುಮಗು. ಡಾಕ್ಟರಮ್ಮ ಹೊರಬಂದು ಬೆವರೊರೆಸಿಕೊಂಡರು. "ಇನ್ನರ್ಧ ಗಂಟೆ ತಡವಾಗಿದ್ರೆ ಇಬ್ಬರೂ ಉಳೀತಿರಲಿಲ್ಲಮ್ಮ."

ಆಸ್ಪತ್ರೆಯೇ ಇಲ್ಲದ ಊರಿನ ಅಕ್ಕನ ಮನೆಯನ್ನು ನೆನೆದು ಹೊಲಿಗೆಯಮ್ಮ ಗೋಡೆ ಹಿಡಿದು ನಿಂತಳು.

ತಾಯಂದಿರೇ, ಅಕ್ಕತಂಗಿಯರೇ, ಕಣ್ಣಿಗೆ ಕಾಣದ್ದರ ಬಗ್ಗೆ ಹೆದರಿಕೆಯಾದರೆ ಅದರಲ್ಲಿ ನಾಚಿಕೆಪಡುವುದೇನೂ ಇಲ್ಲ. ನಿಮ್ಮ ಕಾಲ ಕೆಳಗೆ ಏನು ನಡೆಯುತ್ತಿದೆ ಎಂದು ಹೋಗಿ ಕೇಳಿ, ಅರ್ಥವಾಗುವವರೆಗೂ ಕೇಳಿ. ಅದು ನಿಮ್ಮ ಹಕ್ಕು, ಉತ್ತರ ಹೇಳುವುದು ಅದನ್ನು ನಡೆಸುವವರ ಹೊಣೆ. ಯಾರದೆಂದು ತಿಳಿಯದ ಸಂದೇಶವನ್ನು ಇನ್ನೊಬ್ಬರ ಮನೆಗೆ ದಾಟಿಸಬೇಡಿ. ಮುಖ ತೋರಿಸದ ದನಿಯನ್ನು ನಂಬಿ, ನಿಮ್ಮ ನಾಡಿ ಹಿಡಿದು ನೋಡಿದವರ ಮಾತನ್ನು ಮೀರಬೇಡಿ.