ಒಂದು ತಟ್ಟು, ಎರಡು ತಟ್ಟು

ಮಾವನ ಬೂಟುಗಳನ್ನು ಸೊಸೆ ಎರಡನೇ ಸಲ ಬ್ಲೀಚಿಂಗ್ ನೀರಿನಲ್ಲಿ ಅದ್ದಿ ಎತ್ತುತ್ತಿರುವಾಗ ಹಿಂಬಾಗಿಲಿಗೆ ಚಿಕ್ಕತ್ತೆ ಬಂದು ನಿಂತಳು. ಚಿಕ್ಕತ್ತೆ ಎಂದರೆ ಅತ್ತೆಯ ತಂಗಿ. ಮದುವೆಯಿರಲಿ ಮಸಣವಿರಲಿ, ಮೊದಲ ಬಸ್ಸಿಗೇ ಬಂದಿಳಿದು ಅಡುಗೆಮನೆಯ ಆಡಳಿತ ಕೈಗೆ ತೆಗೆದುಕೊಳ್ಳುವ ಜೀವ.

"ಏನೇ ಅದು?"

"ಬೂಟು ತೊಳೀತಿದೀನಿ. ಆಸ್ಪತ್ರೇಲಿ ಮಾವಂಗೆ ಹಾಕ್ಬೇಕು."

"ಆಗ್ಲೇ ತೊಳೆದ್ಯಲ್ಲ."

"ತಳ ಸರಿಯಾಗಿ ತೊಳೆದಿರಲಿಲ್ಲ."

ಚಿಕ್ಕತ್ತೆ ಬಕೆಟ್ಟನ್ನೂ ಅವಳ ಮುಖವನ್ನೂ ನೋಡಿದಳು. "ಪುಣ್ಯಾತ್ಗಿತ್ತಿ, ಭಾವ ಈ ಬೂಟು ಹಾಕ್ಕೊಂಡು ಇನ್ಯಾವ ಮೊಲದ ಹತ್ರ ಹೋಗ್ಬೇಕು?"

ಸೊಸೆಯ ಕೈ ನಿಂತಿತು. ಹೌದಲ್ಲ ಎನ್ನಿಸಿತು. ಹಾಗೆನ್ನಿಸಿದ ಮೇಲೂ ಬಲಗೈ ತನ್ನ ಪಾಡಿಗೆ ತಾನು ಬ್ರಷ್ಷೆತ್ತಿಕೊಂಡು ಹಿಮ್ಮಡಿಯ ಸಂದಿಯನ್ನು ಉಜ್ಜತೊಡಗಿತು. ತಿಂಗಳಿಂದ ಅದಕ್ಕೆ ಇದೊಂದೇ ಕೆಲಸ. ಅವಳು ಪಶುವೈದ್ಯೆ. ಜನ ಮಕ್ಕಳ ಹುಟ್ಟುಹಬ್ಬಕ್ಕೆಂದು ಕೊಂಡು, ಮಕ್ಕಳಿಗೆ ಬೇಸರವಾದೊಡನೆ ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ ಗೇಟಿನ ಮುಂದಿಟ್ಟು ಓಡುವ ಮೊಲಗಳಿಗಾಗಿ ಊರಾಚೆ ಒಂದು ಶೆಡ್ಡು ಇಟ್ಟುಕೊಂಡಿದ್ದಳು. ಆ ಶೆಡ್ಡಿಗೆ ಜ್ವರ ಹೊಕ್ಕಿತು. ಮನುಷ್ಯರಿಗೆ ಬರುವ ಜ್ವರವಲ್ಲ. ಮನುಷ್ಯರ ಬೂಟಿನ ತಳದಲ್ಲಿ, ಅಂಗಿಯ ತೋಳಿನಲ್ಲಿ ಕೂತು ಗೂಡಿನಿಂದ ಗೂಡಿಗೆ ಪುಕ್ಕಟೆ ಸವಾರಿ ಮಾಡುವ ಜ್ವರ.

"ಟಿಕೆಟ್ ಇಲ್ಲದ ಗಿರಾಕಿ" ಎಂದು ಮಾವ ಅದಕ್ಕೆ ಹೆಸರಿಟ್ಟಿದ್ದ. ಆಯುಸ್ಸೆಲ್ಲ ಸಿಟಿ ಬಸ್ಸಿನ ಕಂಡಕ್ಟರಾಗಿ ಕಳೆದವನ ಬಾಯಲ್ಲಿ ಮತ್ತೇನು ಬಂದೀತು. ನಿನ್ನೆ ಬೆಳಿಗ್ಗೆ ಅದೇ ಶೆಡ್ಡಿನಲ್ಲಿ ಅವನು ಎದೆ ಹಿಡಿದುಕೊಂಡು ಕುಸಿದ. ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದಿತ್ತು.

ಒಳಗೆ ಗಂಡ ಫೋನಿನಲ್ಲಿದ್ದ. "ಇಲ್ಲ ಇಲ್ಲ, ಮನೆಗೆ ತರಲ್ಲ. ಆಸ್ಪತ್ರೆಯಿಂದ ನೇರ ಅಲ್ಲಿಗೇ. ಅಮ್ಮಂಗೆ ನೋಡೋಕಾಗಲ್ಲ, ಅವಳ ಹೃದಯ ಮೊದಲೇ ಸರಿಯಿಲ್ಲ. ಮಧ್ಯಾಹ್ನದೊಳಗೆ ಮುಗಿಸಿಬಿಡೋಣ."

ಅತ್ತೆ ಮುಂದಿನ ಕೋಣೆಯಲ್ಲಿ ಬೀದಿಬಾಗಿಲಿಗೆ ಮುಖ ಮಾಡಿ ಕುರ್ಚಿಯಲ್ಲಿ ಕೂತಿದ್ದಳು. ಪಕ್ಕದ ಸ್ಟೂಲಿನ ಮೇಲೆ ತಟ್ಟೆ, ತಟ್ಟೆಯಲ್ಲಿ ಅಂಚು ಒಣಗಿ ಮೇಲೆದ್ದ ಬ್ರೆಡ್ಡು.

"ಅಕ್ಕ, ಒಂದು ಚೂರು ಬಾಯಿಗೆ ಹಾಕ್ಕೊ," ಎಂದಳು ಚಿಕ್ಕತ್ತೆ. "ಹೋದೋರ ಹಿಂದೆ ಹೋಗೋಕಾಗುತ್ತಾ?"

"ಎಲ್ಲಿಗೆ ಹೋದ್ರು?" ಅತ್ತೆ ಕೇಳಿದಳು, ಪಕ್ಕದ ಮನೆಯವರ ವಿಳಾಸ ಕೇಳುವ ಹಾಗೆ. "ಡಬ್ಬಿ ತಗೊಂಡು ಹೋದ್ರು. ಊಟದ ಹೊತ್ತಿಗೆ ಬರ್ತೀನಿ ಅಂದ್ರು."

ಗಂಡ ಫೋನಿಗೆ ಕೈ ಅಡ್ಡ ಹಿಡಿದು ಹೆಂಡತಿಯ ಕಿವಿಯಲ್ಲಿ ಹೇಳಿದ. "ಅಮ್ಮಂಗೆ ತಿಳೀತಿಲ್ಲ. ಒಂದು ರೀತಿ ಒಳ್ಳೇದೇ ಬಿಡು."

ಸೊಸೆ ಅತ್ತೆಯ ಕತ್ತಿನ ಹಿಂಭಾಗವನ್ನೇ ನೋಡಿದಳು. ಹೀಗೆ ಕೂತದ್ದನ್ನು ಎಲ್ಲೋ ನೋಡಿದ್ದೇನೆ ಎನ್ನಿಸಿತು. ಆ ಅನಿಸಿಕೆಯನ್ನು ಹಿಂಬಾಲಿಸುವ ತ್ರಾಣ ಅವಳಲ್ಲಿರಲಿಲ್ಲ. ಒದ್ದೆ ಬೂಟುಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಚೀಲದ ಬಾಯಿಯನ್ನು ಎರಡು ಗಂಟು ಬಿಗಿದು ಹೊರಟಳು.

*

ಮಾವ ಶೆಡ್ಡಿಗೆ ಮೊದಲು ಬಂದದ್ದು ಸೊಸೆ ಮರೆತುಹೋದ ಊಟದ ಡಬ್ಬಿ ಕೊಡುವುದಕ್ಕೆ. ನಿವೃತ್ತಿಯಾಗಿ ಆಗಷ್ಟೇ ಮನೆಯಲ್ಲಿ ಕೂತಿದ್ದ. ಕೂತಿದ್ದ ಎನ್ನುವುದೂ ಸುಳ್ಳೇ. ನಿಂತೇ ಬದುಕಿದ ಮನುಷ್ಯ, ಮನೆಯಲ್ಲೂ ಬಾಗಿಲ ಚೌಕಟ್ಟು ಹಿಡಿದೇ ನಿಂತಿರುತ್ತಿದ್ದ. ಡಬ್ಬಿ ಕೊಟ್ಟವನು ಮೂಲೆಯಲ್ಲಿದ್ದ ಪೊರಕೆ ನೋಡಿದ, ಎತ್ತಿಕೊಂಡ, ಮತ್ತೆ ಕೆಳಗಿಡಲಿಲ್ಲ.

ಮೊಲಗಳಿಗೆ ಹೆಸರಿಡುವ ಕೆಲಸವೂ ಅವನದೇ ಆಯಿತು. ಮಾರ್ಕೆಟ್ಟು, ಸರ್ಕಲ್ಲು, ಚಿಲ್ಲರೆ, ಲಾಸ್ಟ್ ಸ್ಟಾಪು. ಒಂದೇ ಪೆಟ್ಟಿಗೆಯಲ್ಲಿ ಬಂದ ಬೂದು ಬಣ್ಣದ ಜೋಡಿಗೆ ರೈಟ್, ಹೋಲ್ಡಾನ್ ಎಂದಿಟ್ಟ. ಗಂಡು ರೈಟ್ ಎಲ್ಲದಕ್ಕೂ ಮುಂದೆ ನುಗ್ಗುವುದು; ಹೆಣ್ಣು ಹೋಲ್ಡಾನ್ ಒಂದು ಕಾಲು ಎತ್ತಿದರೆ ಇಡುವುದಕ್ಕೆ ಮುಹೂರ್ತ ನೋಡುವುದು. ಅವೆರಡು ಒಂದರ ಹಣೆಯನ್ನು ಇನ್ನೊಂದು ನೆಕ್ಕುತ್ತ ಕೂತರೆ ಮಾವ ಬಕೆಟ್ ಬೋರಲು ಹಾಕಿಕೊಂಡು ಎದುರಿಗೆ ಕೂರುತ್ತಿದ್ದ. ಅವನು ಕೂರುತ್ತಿದ್ದ ಜಾಗ ಅದೊಂದೇ.

ಕತೆ ಬೇರೆ ಹೇಳುತ್ತಿದ್ದ. "ಮೊದಲು ಮೊಲಕ್ಕೂ ದನಿ ಇತ್ತಂತೆ. ಮಗು ಮಲಗ್ತಿಲ್ಲ, ಜೋಗುಳ ಹಾಡೋಕೆ ದನಿಯಿಲ್ಲ ಅಂತ ಒಬ್ಬಳು ಮೂಗಿ ತಾಯಿ ಅತ್ತಳಂತೆ. ಪಾಪ ಅಂತ ಮೊಲ ತನ್ನದನ್ನೇ ಎರವಲು ಕೊಡ್ತು. ಮಗು ಮಲಗ್ತು, ತಾಯೀನೂ ಮಲಗಿದಳು, ವಾಪಸು ಕೊಡೋದು ಮರೆತೇ ಹೋಯ್ತು. ಅದಕ್ಕೇ ನೋಡಮ್ಮ, ಈಗಲೂ ಕಿವಿ ನಿಮಿರಿಸಿಕೊಂಡು ಕಾಯುತ್ತೆ."

ವಯಸ್ಸಾದ ಮೊಲ ಸತ್ತರೆ ಶೆಡ್ಡಿನಲ್ಲಿ ಒಂದು ಪದ್ಧತಿಯಿತ್ತು. ಸತ್ತದ್ದನ್ನು ಕೂಡಲೇ ಎತ್ತುವಂತಿಲ್ಲ. ಜೋಡಿಯ ಪಕ್ಕದಲ್ಲೇ ಬಿಡಬೇಕು. ಉಳಿದದ್ದು ಮೂಸುತ್ತದೆ, ಮೂಗಿನಿಂದ ತಳ್ಳಿ ನೋಡುತ್ತದೆ, ಕಿವಿ ನೆಕ್ಕುತ್ತದೆ, ಮೈಗೆ ಮೈ ತಾಗಿಸಿ ಮಲಗುತ್ತದೆ. ಆಮೇಲೆ ಯಾವುದೋ ಒಂದು ಗಳಿಗೆಯಲ್ಲಿ ಎದ್ದು, ಬೆನ್ನು ತಿರುಗಿಸಿ, ಹುಲ್ಲಿಗೆ ಬಾಯಿ ಹಾಕುತ್ತದೆ. ಅಲ್ಲಿಯತನಕ ಕಾಯಬೇಕು. ಸೊಸೆ ಇದನ್ನು ಎಲ್ಲೋ ಓದಿ ಮಾವನಿಗೆ ಹೇಳಿಕೊಟ್ಟಿದ್ದಳು. ಮಾವ ಅದನ್ನು ಒಂದು ಮಾತಾಗಿ ಮಾಡಿಕೊಂಡ: ತಿಂದಿತು ಅಂದ್ರೆ ತಿಳೀತು.

*

ಆಸ್ಪತ್ರೆಯ ಹಿಂದಿನ ಅಂಗಳದಲ್ಲಿ ವ್ಯಾನು ನಿಂತಿತ್ತು. ಸ್ಟೀರಿಂಗ್ ಹಿಡಿದಿದ್ದವನು ಬಾಡಿಗೆಯವನಲ್ಲ, ಮಾವನ ಬಸ್ಸಿನ ಹಳೆಯ ಡ್ರೈವರ್. ವ್ಯಾನಿನವನ ಕೈಕಾಲು ಹಿಡಿದು ಇವತ್ತೊಂದು ದಿನಕ್ಕೆ ಚಾಲಕನ ಸೀಟು ಬೇಡಿ ಪಡೆದಿದ್ದ. ಬೋಳುತಲೆ, ಇಸ್ತ್ರಿ ಮಾಡಿದ ಅಂಗಿ.

"ಡಾಕ್ಟ್ರಮ್ಮ, ನೀವು ಹಿಂದೆ ಅವನ ಜೊತೆ ಕೂತ್ಕೊಳ್ಳಿ. ನಾನು ಮುಂದೆ. ನಂದೂ ಅವಂದೂ ಯಾವತ್ತೂ ಹಂಗೇ. ಇಡೀ ನೌಕರೀಲಿ ಅವನ ಮುಖ ನೋಡಿದ್ದಕ್ಕಿಂತ ಬಡಿತ ಕೇಳಿದ್ದೇ ಜಾಸ್ತಿ."

"ಬಡಿತ?"

"ತಗಡು ಬಡಿಯೋದು. ಒಂದು ತಟ್ಟು ಅಂದ್ರೆ ನಿಲ್ಸು, ಎರಡು ತಟ್ಟು ಅಂದ್ರೆ ಹೊರಡು. ಬಾಯಿಬಿಟ್ಟು ಹೇಳೋನೇ ಅಲ್ಲ. ಈಗ್ಲೂ ಮನೇಲಿ ಹೆಂಡ್ತಿ ಪಾತ್ರೆ ಕುಕ್ಕಿದ್ರೆ ನನ್ನ ಬಲಗಾಲು ಬ್ರೇಕ್ ಹುಡುಕುತ್ತೆ." ಅವನು ನಗಲು ನೋಡಿದ. ಅರ್ಧಕ್ಕೇ ನಿಂತಿತು. "ಅತ್ತಿಗೆ ಬಂದಿಲ್ವಾ?"

"ಇಲ್ಲ."

"ಅವರು ನೋಡಿದ್ರಾ ಅವನ್ನ?"

"ಇಲ್ಲ."

ಡ್ರೈವರ್ ಬಾಗಿಲು ತೆರೆದು ಕೊಟ್ಟ.

ಶವಪೆಟ್ಟಿಗೆಯ ಮುಚ್ಚಳಕ್ಕೆ ಇನ್ನೂ ಮೊಳೆ ಬಿದ್ದಿರಲಿಲ್ಲ. ಸೊಸೆ ಮಾವನಿಗೆ ಬೂಟು ತೊಡಿಸಿದಳು. ಪಾದ ಮರದ ಕೊರಡಿನಂತೆ ಸೆಟೆದಿತ್ತು. ಪ್ರಾಣಿಗಳದ್ದಾದರೆ ಎಷ್ಟೋ ಕಂಡಿದ್ದಾಳೆ, ಸಂದು ಎಲ್ಲಿ ಮಣಿಯುತ್ತದೆ ಎಂದು ಕೈಗೆ ಗೊತ್ತು. ಲೇಸು ಕಟ್ಟಿದಳು. ಅಳು ಬರುತ್ತದೇನೋ ಎಂದು ಸ್ವಲ್ಪ ಹೊತ್ತು ಕಾದಳು. ಬರಲಿಲ್ಲ.

*

ಜ್ವರ ಬಂದದ್ದು ಹುಲ್ಲಿನ ಹೊರೆಯಲ್ಲಿಯೋ ನೊಣದ ಕಾಲಿನಲ್ಲಿಯೋ ಯಾರಿಗೂ ತಿಳಿಯಲಿಲ್ಲ. ಬೆಳಿಗ್ಗೆ ಹುಲ್ಲು ತಿಂದ ಮೊಲ ಸಂಜೆಗೆ ಮಲಗಿರುತ್ತಿತ್ತು, ಮೂಗಿನ ತುದಿಯಲ್ಲಿ ಕೆಂಪು ದಾರದಷ್ಟು ರಕ್ತ. ಮದ್ದಿಲ್ಲ. ಲಸಿಕೆ ಇದೆ, ಅದು ಬಂದು ಮುಟ್ಟುವ ಹೊತ್ತಿಗೆ ಮಾರ್ಕೆಟ್ಟಿರಲಿಲ್ಲ, ಚಿಲ್ಲರೆಯಿರಲಿಲ್ಲ. ಸೊಸೆ ಹೊಸ ಕಾನೂನು ತಂದಳು: ಸತ್ತದ್ದನ್ನು ಸತ್ತ ಕ್ಷಣವೇ ಎರಡು ಪದರ ಚೀಲದಲ್ಲಿ ಸುತ್ತಿ ಹೊರಗೆ ಸಾಗಿಸಬೇಕು. ಕಾಯುವುದು, ಮೂಸಿಸುವುದು, ಯಾವುದೂ ಇಲ್ಲ.

ಮಾವ ಚೀಲ ಹಿಡಿದ. ಗೂಡಿನ ಮೇಲೆ ಗೂಡು ಖಾಲಿಯಾಯಿತು. ಮೊನ್ನೆ ಮಧ್ಯಾಹ್ನ ರೈಟ್ ಹೋದಾಗ ಮಾತ್ರ ಅವನು ಚೀಲ ಬಿಚ್ಚಲಿಲ್ಲ.

"ಅರ್ಧ ಗಂಟೆ ಬಿಡಮ್ಮ. ಇಬ್ರೂ ಒಂದೇ ಗೂಡಲ್ಲಿದ್ರು. ಇದಕ್ಕಿನ್ನು ಹೊಸದಾಗಿ ಯಾವ ರೋಗ ಬರ್ಬೇಕು?"

"ನೊಣ ಕೂರುತ್ತೆ ಮಾವ. ಆ ಕಡೆ ಸಾಲಲ್ಲಿ ಇನ್ನೂ ಮೂರಿದಾವೆ."

"ನಾನು ಬೀಸ್ತಾ ಕೂತಿರ್ತೀನಿ. ಒಂದು ನೊಣ ಕೂರೋಕೆ ಬಿಡಲ್ಲ."

"ಕಾನೂನು ಅಂದ್ರೆ ಕಾನೂನು. ಟಿಕೆಟ್ ಇಲ್ದೋನ್ನ ನೀವು ಬಸ್ಸಲ್ಲಿ ಬಿಡ್ತಿದ್ರಾ?"

ಮಾವ ಅವಳನ್ನು ನೋಡಿದ. "ಬಿಟ್ಟಿದೀನಿ," ಎಂದ. "ಮುಖ ನೋಡಿ ಎಷ್ಟೋ ಸಲ ಬಿಟ್ಟಿದೀನಿ."

ಅವಳೇ ರೈಟನ್ನು ಸುತ್ತಿ ಒಯ್ದಳು. ಆ ಮೂರೂ ಉಳಿಯಲಿಲ್ಲ. ಹೋಲ್ಡಾನ್ ಗೂಡಿನ ಬಾಗಿಲಿಗೆ ಮುಖ ಮಾಡಿ ಕೂತಿತು. ಹುಲ್ಲು ಮುಟ್ಟಲಿಲ್ಲ. ಮೊಲದ ಹೊಟ್ಟೆ ಕೆಲಸ ನಿಲ್ಲಿಸಿದರೆ ಸಾಯುವುದಕ್ಕೆ ಜ್ವರವೇ ಬೇಕಾಗಿಲ್ಲ, ಅಷ್ಟೇ ಸಾಕು. ಸೊಸೆ ಸಿರಿಂಜಿನಲ್ಲಿ ಗಂಜಿ ಹಿಂಡಿದಳು. ಅದು ಗಲ್ಲದಿಂದ ಇಳಿದುಹೋಯಿತು. ನಿನ್ನೆ ಬೆಳಿಗ್ಗೆ ಅವಳು ಬಂದಾಗ ಮಾವ ಆಗಲೇ ಬೋರಲು ಬಕೆಟ್ಟಿನ ಮೇಲೆ ಕೂತಿದ್ದ, ಬಿಳಿಯ ಮೇಲಂಗಿ ತೊಟ್ಟು. ಹುಲ್ಲಿನ ಒಂದು ಕಡ್ಡಿಯನ್ನು ತಾನೇ ಕಟಕಟ ಅಗಿಯುತ್ತಿದ್ದ.

"ಪಕ್ಕದೋರು ತಿನ್ನೋ ಸದ್ದು ಕೇಳಿದ್ರೆ ಇದೂ ತಿನ್ನುತ್ತೇನೋ ಅಂತ," ಎಂದ. ಆಮೇಲೆ ಎದೆ ಹಿಡಿದುಕೊಂಡ.

ಆಂಬುಲೆನ್ಸಿನವರು ಮಾವನನ್ನು ಸ್ಟ್ರೆಚರಿಗೆ ಹಾಕಿದಾಗ ಸೊಸೆ ಬಾಗಿಲಲ್ಲಿ ಅಡ್ಡ ನಿಂತಳು. ಅವನ ಮೇಲಂಗಿ ಕಳಚಿ ಚೀಲಕ್ಕೆ ತುರುಕಿದಳು. ಸ್ಪ್ರೇ ಡಬ್ಬಿ ತೆಗೆದುಕೊಂಡು ಮಾವನ ಬೂಟಿನ ತಳಕ್ಕೆ ಹೊಡೆದಳು, ಮೊದಲು ಬಲ, ಆಮೇಲೆ ಎಡ. ಆಗ ಮಾವನ ಕಣ್ಣು ತೆರೆದಿತ್ತು.

"ಮೇಡಂ, ಜಾಗ ಬಿಡ್ತೀರಾ?" ಎಂದ ಆಂಬುಲೆನ್ಸಿನವನು.

*

ವ್ಯಾನು ಹೊರಟಿತು. ಮುಂದೆ ಗಂಡನ ಕಾರು. ತಗಡಿನ ಗೋಡೆಯ ಚಿಕ್ಕ ಕಿಟಕಿಯಾಚೆ ಡ್ರೈವರನ ಬೋಳುತಲೆ ಕಾಣುತ್ತಿತ್ತು. ಔಷಧಿ ಅಂಗಡಿ, ಪೆಟ್ರೋಲ್ ಬಂಕು, ಶಾಲೆಯ ಕಾಂಪೌಂಡು ಹಿಂದೆ ಸರಿದವು. ಮುಂದಿನ ಸಿಗ್ನಲ್ಲಿನಲ್ಲಿ ಎಡಕ್ಕೆ ತಿರುಗಿದರೆ ಮನೆ, ನೇರ ಹೋದರೆ ಮಣ್ಣು.

ಕಾರು ನೇರ ಹೋಯಿತು.

ಅತ್ತೆಯ ಕತ್ತಿನ ಹಿಂಭಾಗ ಸೊಸೆಗೆ ಆಗ ನೆನಪಾಯಿತು. ಎಲ್ಲಿ ನೋಡಿದ್ದೆ ಎಂಬುದೂ ನೆನಪಾಯಿತು, ಹೋಲ್ಡಾನಿನ ಗೂಡಿನಲ್ಲಿ. ಎದೆಯಲ್ಲಿ ಏನೂ ಆಗಲಿಲ್ಲ. ಬೂಟು ತೊಳೆದ ಹಾಗೆ, ಲೇಸು ಕಟ್ಟಿದ ಹಾಗೆ, ಕೈ ತಾನಾಗಿ ಎದ್ದು ತಗಡಿಗೆ ಒಂದು ತಟ್ಟು ತಟ್ಟಿತು.

ಡ್ರೈವರನ ಕಾಲು ಯೋಚನೆ ಮಾಡಲಿಲ್ಲ. ವ್ಯಾನು ರಸ್ತೆಯ ನಡುವೆ ಗಕ್ಕನೆ ನಿಂತಿತು.

ಅವನು ತಿರುಗಿದಾಗ ಮುಖದಲ್ಲಿ ರಕ್ತವಿರಲಿಲ್ಲ. ಪೆಟ್ಟಿಗೆಯನ್ನು ನೋಡಿದ, ಸೊಸೆಯನ್ನು ನೋಡಿದ. "ನೀವಾ," ಎಂದ.

"ಮನೆ ಕಡೆ ತಿರುಗ್ಸಿ."

"ಮಗ ಬೈತಾರೆ."

"ಬೈಲಿ."

ಡ್ರೈವರ್ ಎಡಕ್ಕೆ ತಿರುಗಿಸಿದ.

ಬೀದಿಯಲ್ಲಿ ಜನ ಹೊರಬಂದರು. ಹಿಂದಿನಿಂದ ಕಾರು ಬಂದು ನಿಂತಿತು, ಗಂಡ ಬಾಗಿಲು ದಢಾರನೆ ಹಾಕಿದ. "ಏನು ಹುಚ್ಚು ಇದು? ಅಲ್ಲಿ ಎಲ್ಲಾರೂ ಕಾಯ್ತಿದಾರೆ. ಅಮ್ಮಂಗೇನಾದ್ರೂ ಆದ್ರೆ?"

"ಆಗೋದು ನಿನ್ನೇನೇ ಆಗಿದೆ. ಅತ್ತೆ ಒಬ್ಬರಿಗೆ ತೋರಿಸಿಲ್ಲ, ಅಷ್ಟೆ."

ಅತ್ತೆ ಆಗಲೇ ಕುರ್ಚಿಯಿಂದ ಎದ್ದಿದ್ದಳು. ಯಾರೂ ಕೈ ಹಿಡಿಯಲಿಲ್ಲ. ಮೆಟ್ಟಿಲಿಳಿದು, ವ್ಯಾನು ಹತ್ತಿ, ಬೆಂಚಿನ ಮೇಲೆ ಕೂತಳು. ಪೆಟ್ಟಿಗೆಯ ಮುಚ್ಚಳ ಸರಿಸಿ ತನ್ನ ಗಂಡನ ಹಣೆ ಮುಟ್ಟಿದಳು. ಅಂಗಿಯ ಮೇಲಿನ ಗುಂಡಿ ಹಾಕಿದಳು, ಬೇಡವೆನ್ನಿಸಿ ಬಿಚ್ಚಿದಳು. ಬಗ್ಗಿ ಮೂಸಿದಳು.

"ಬ್ಲೀಚಿಂಗ್ ವಾಸ್ನೆ," ಎಂದಳು. ಆಮೇಲೆ ಬೂಟು ನೋಡಿದಳು. "ಯಾರೇ ಇದು ಲೇಸು ಕಟ್ಟಿದ್ದು? ಇವರಿಗೆ ಬಿಗಿ ಆಗೋದಿಲ್ಲ." ಎರಡೂ ಬಿಚ್ಚಿ ಸಡಿಲ ಮಾಡಿ ಕಟ್ಟಿದಳು. "ಊಟಕ್ಕೆ ಬರ್ತೀನಿ ಅಂದ್ರಿ," ಎಂದು ಅವನಿಗೆ ಮೆಲ್ಲಗೆ ಹೇಳಿ, ಅವನ ತೋಳಿನ ಮೇಲೆ ತಲೆಯಿಟ್ಟಳು.

ಸೊಸೆ ವ್ಯಾನಿನ ಬಾಗಿಲಲ್ಲಿ ನಿಂತಳು, ಯಾರನ್ನೂ ಹತ್ತಗೊಡದೆ. ಗಂಡ ಗಡಿಯಾರ ನೋಡಿಕೊಂಡ. ಚಿಕ್ಕತ್ತೆ ಸೆರಗಿನಿಂದ ಮೂಗೊರೆಸಿಕೊಂಡಳು. ಹಾಲಿನವನು ಸೈಕಲ್ಲು ತಳ್ಳುತ್ತ ಬಂದು, ಗಂಟೆ ಬಾರಿಸದೆ ಹಾದುಹೋದ. ಒಂದು ನೊಣ ಬಂತು. ಸೊಸೆ ಕೈ ಬೀಸಿದಳು. ಮತ್ತೆ ಬಂತು, ಮತ್ತೆ ಬೀಸಿದಳು.

ಬಹಳ ಹೊತ್ತಿನ ಮೇಲೆ ಅತ್ತೆ ಇಳಿದಳು. ನೇರ ತಂಗಿಯ ಹತ್ತಿರ ಹೋಗಿ, "ಆ ಬ್ರೆಡ್ಡು ಎಲ್ಲಿ?" ಎಂದಳು. ಬೀದಿಯ ನಡುವೆ, ಅಷ್ಟೂ ಜನರ ಎದುರಿಗೆ, ನಿಂತೇ ತಿಂದಳು. ಒಣಗಿದ ಅಂಚನ್ನೂ ಬಿಡಲಿಲ್ಲ. ಯಾರೋ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದಳು. ಅತ್ತೆ ಕೈಯ ಪುಡಿ ಕೊಡವಿಕೊಂಡು ವ್ಯಾನಿನ ಹತ್ತಿರ ಬಂದು ತಗಡಿಗೆ ಎರಡು ತಟ್ಟು ತಟ್ಟಿದಳು.

ಡ್ರೈವರ್ ಗೇರು ಹಾಕಿದ. ಕನ್ನಡಿಯಲ್ಲಿ ನೋಡಲಿಲ್ಲ.

*

ಮಣ್ಣು ಹಾಕಿದ್ದಾಯಿತು. ಬಂದವರು ಹೋದರು. ಬಿಸಿಲು ಇಳಿಯುವ ಮೊದಲು ಸೊಸೆ ಶೆಡ್ಡಿಗೆ ಬಂದಳು.

ಬಾಗಿಲ ಬಳಿಯ ತೊಟ್ಟಿಯಲ್ಲಿ ಬೂಟು ಅದ್ದಿದಳು. ಖಾಲಿ ಗೂಡುಗಳ ಸಾಲಿನ ನಡುವೆ ನಡೆದು ಕೊನೆಯದರ ಮುಂದೆ ನಿಂತಳು. ಹೋಲ್ಡಾನ್ ಇತ್ತು. ಬಾಗಿಲಿಗೆ ಮುಖ ಮಾಡಿತ್ತು. ಬೆನ್ನಿನ ಮೂಳೆ ಎದ್ದು ಕಾಣುತ್ತಿತ್ತು. ಹುಲ್ಲು ಹಾಕಿದ ಹಾಗೇ ಇತ್ತು.

ಮೂಲೆಯಲ್ಲಿ ಚೀಲವಿತ್ತು, ಎರಡು ಗಂಟು ಬಿಗಿದದ್ದು. ಅದರಲ್ಲಿ ಮಾವನ ಮೇಲಂಗಿ. ರೈಟನ್ನು ಕೊನೆಯ ಸಲ ಎತ್ತಿಕೊಂಡಾಗಲೂ ಮಾವ ತೊಟ್ಟದ್ದು ಅದನ್ನೇ. ಸುಡಬೇಕಾದದ್ದು. ಆ ಕಡೆ ಸಾಲಿನಲ್ಲಿ ಕಾಪಾಡುವುದಕ್ಕೆ ಈಗ ಯಾರೂ ಇರಲಿಲ್ಲ. ಅವಳು ಗಂಟು ಬಿಚ್ಚಿದಳು, ಮೇಲಂಗಿ ಕೊಡವಿ, ಗೂಡಿನೊಳಗೆ ಹಾಸಿದಳು.

ಹೋಲ್ಡಾನ್ ಎಂದಿನಂತೆ ತಡಮಾಡಿತು. ಆಮೇಲೆ ಒಂದು ಕಾಲಿಟ್ಟಿತು. ಬಟ್ಟೆಯ ಮಡಿಕೆಯಲ್ಲಿ ಮೂಗು ಹೂತು, ಎದೆಯ ಭಾಗದಲ್ಲಿ ಒಂದೇ ಜಾಗವನ್ನು ಮತ್ತೆ ಮತ್ತೆ ಮೂಸಿತು. ಮುಂಗಾಲಿನಿಂದ ಕೆರೆಯಿತು. ತೋಳಿನೊಳಗೆ ಅರ್ಧ ಮೈ ತೂರಿಸಿ ಹೊರಬಂತು. ನೆಕ್ಕತೊಡಗಿತು. ಕೊನೆಗೆ ಗಲ್ಲವನ್ನು ಬಟ್ಟೆಯ ಮೇಲಿಟ್ಟು ಮಲಗಿತು.

ಸೊಸೆ ಬಕೆಟ್ ಬೋರಲು ಹಾಕಿಕೊಂಡು ಕೂತಳು. ಕೈಗವಸು ಕಳಚಿ ಮಡಿಲಲ್ಲಿಟ್ಟುಕೊಂಡಳು. ಶೆಡ್ಡಿನೊಳಗೆ ತಿಂಗಳ ಮೇಲೆ ಬರಿಗೈ ಕಂಡು ಅದು ತನ್ನದಲ್ಲವೆನ್ನಿಸಿತು, ತೊಯ್ದು ತೊಯ್ದು ಬಿಳಿಚಿಕೊಂಡಿತ್ತು. ಆ ಕೈ ಗೂಡಿನ ಸಂದಿಯಿಂದ ಹುಲ್ಲಿನ ಒಂದು ಕಡ್ಡಿ ಎಳೆದುಕೊಂಡಿತು. ಅವಳು ಅದನ್ನು ಬಾಯಿಗಿಟ್ಟುಕೊಂಡು ಅಗಿದಳು. ಒಣಗಿತ್ತು. ಸ್ವಲ್ಪ ಅಗಿದ ಮೇಲೆ ಸಿಹಿಯಾಯಿತು. ಇನ್ನೊಂದು ಎಳೆದುಕೊಂಡಳು.

ಅಷ್ಟು ದೊಡ್ಡ ಶೆಡ್ಡಿನಲ್ಲಿ ಅದೊಂದೇ ಸದ್ದು, ಕಟಕಟ. ಹೋಲ್ಡಾನಿನ ಒಂದು ಕಿವಿ ಅವಳ ಕಡೆಗೆ ಹೊರಳಿತು. ಸ್ವಲ್ಪ ತಡೆದು, ಇನ್ನೊಂದೂ.